ಮುನ್ ಮೇಲೆ ನಿಲ್ಲಿಸಿದ ಗಾಡಿ ಸಿಡಿಯದಂತೆ ನೋಡಿಕೊಳ್ಳುವುದು

ತೀರ್ಥಹಳ್ಳಿಯ ಆಷಾಢದ ಮಳೆಯಲ್ಲಿ ಸಂಜೆ ತೋಟದ ಕೆಲಸ ಇರುವುದಿಲ್ಲ. ನಾನು ರಾಕೆಟ್ ಕಟ್ಟಿ ಹಾರಿಸುವ ಕಂಪ್ಯೂಟರ್ ಆಟ ಕರ್ಬಲ್ ಸ್ಪೇಸ್ ಪ್ರೋಗ್ರಾಂ ಆಡುವುದು ಆ ಹೊತ್ತಿನಲ್ಲೇ. ಹೋದ ವರ್ಷ ಹನ್ನೊಂದು ಸಂಜೆ ಕೂತು ಆರು ಚಕ್ರದ ಗಾಡಿ ಕಟ್ಟಿ, ಆಟದ ಚಂದ್ರನಾದ ಮುನ್ ಮೇಲೆ ಇಳಿಸಿದೆ. ಆಮೇಲೆ ಅದರ ಪಕ್ಕ ಇಂಧನದ ನೌಕೆ ಇಳಿಸಲು ಹೋದರೆ, ನಿಂತಿದ್ದ ಗಾಡಿ ತಾನಾಗಿ ಮೇಲಕ್ಕೆ ಚಿಮ್ಮಿ ಚೂರಾಯಿತು. ಯಾರೂ ಮುಟ್ಟಿರಲಿಲ್ಲ. ತುಂಬಾ ಬೇಜಾರಾಯಿತು. ಈ ಕಾಟಕ್ಕೆ ಆಟಗಾರರು ಇಟ್ಟ ಹೆಸರು ಕ್ರಾಕನ್.

ದೂರದಲ್ಲಿ ನಿಂತ ಗಾಡಿಯ ಭಾರ, ಒತ್ತಡಗಳ ಲೆಕ್ಕವನ್ನು ಆಟ ನಡೆಸುವುದಿಲ್ಲ. ನೀವು ಸುಮಾರು 200 ಮೀಟರ್ ಒಳಗೆ ಬಂದಾಗ ಅದು ಎಚ್ಚರಾಗುತ್ತದೆ. ಆಗ ಚಕ್ರ ಒಂದು ಬೆರಳಿನಷ್ಟು ನೆಲದೊಳಗೆ ಹೂತಿದ್ದರೂ ಸಾಕು, ಆಟ ಅದನ್ನು ಜೋರಾಗಿ ಹೊರಗೆ ತಳ್ಳುತ್ತದೆ. ಹಾಗಾಗಿ ಗಾಡಿಯನ್ನು ಸಪಾಟು ಜಾಗದಲ್ಲಿ ಬ್ರೇಕ್ ಹಾಕಿ ನಿಲ್ಲಿಸಿ. ನಡುವೆ ಸೆಟ್ಟಿಂಗ್ಸ್‌ನಲ್ಲಿ ನೆಲದ ವಿವರದ ಮಟ್ಟ ಬದಲಿಸಬೇಡಿ, ನೆಲವೇ ಮೇಲೆ ಕೆಳಗೆ ಆಗುತ್ತದೆ.

ಇನ್ನೊಂದು ಕಾಟ ಓಲಾಟ. ಅಡಿಕೆ ಕೊನೆ ತೆಗೆಯುವ ದೋಟಿ ಹಿಡಿದಿದ್ದೀರಲ್ವಾ? ಕೆಳಗೆ ಕೈ ಸ್ವಲ್ಪ ಅಲುಗಿದರೆ ತುದಿ ಮೊಳಗಟ್ಟಲೆ ತೂಗಾಡುತ್ತದೆ. ಉದ್ದದ ರಾಕೆಟ್ಟೂ ಹಾಗೆಯೇ. ಪ್ರತಿ ಭಾಗ ಇನ್ನೊಂದೇ ಭಾಗಕ್ಕೆ ಅಂಟಿರುತ್ತದೆ, ಆ ಅಂಟು ಸ್ಪ್ರಿಂಗಿನ ಹಾಗೆ ಬಳುಕುತ್ತದೆ. ಎರಡು ಭಾರದ ಭಾಗಗಳ ನಡುವೆ ಹಗುರದ್ದು ಸಿಕ್ಕರೆ ಬಳುಕು ಇನ್ನೂ ಜಾಸ್ತಿ. ಜಂಬೋ-64 ಟ್ಯಾಂಕು ತುಂಬಿದಾಗ 36 ಟನ್. ಅಂಥ ಎರಡನ್ನು ನೌಕೆಗಳನ್ನು ಸೇರಿಸುವ 50 ಕಿಲೋ ತೂಕದ ಕೊಂಡಿಯಿಂದ, ಅಂದರೆ ಡಾಕಿಂಗ್ ಪೋರ್ಟಿನಿಂದ, ಜೋಡಿಸಿದರೆ ನಡುಗದೆ ಇನ್ನೇನು? ದೊಡ್ಡ ಪೋರ್ಟನ್ನೇ ಹಾಕಿ.

ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಅಡ್ವಾನ್ಸ್ಡ್ ಟ್ವೀಕಬಲ್ಸ್ ಆನ್ ಮಾಡಿ. ಕಟ್ಟುವಾಗ ಭಾಗದ ಮೇಲೆ ರೈಟ್ ಕ್ಲಿಕ್ ಮಾಡಿದರೆ ಆಟೋಸ್ಟ್ರಟ್ ಸಿಗುತ್ತದೆ. ಅದು ಕಣ್ಣಿಗೆ ಕಾಣದ ಊರೆಗೋಲು. ನಾನು 'ಗ್ರ್ಯಾಂಡ್‌ಪೇರೆಂಟ್' ಆರಿಸುತ್ತೇನೆ, ಅದು ಎರಡು ಹಂತ ಹಿಂದಿನ ಭಾಗಕ್ಕೆ ಊರೆ ಕೊಡುತ್ತದೆ. ಅತಿ ಭಾರದ ಭಾಗಕ್ಕೆ ಊರೆ ಕೊಡುವ 'ಹೆವಿಯೆಸ್ಟ್' ಬೇಡ. ಇಂಧನ ಖಾಲಿಯಾದಾಗ, ಇನ್ನೊಂದು ನೌಕೆ ಬಂದು ಸೇರಿದಾಗ ಅತಿ ಭಾರದ ಭಾಗ ಯಾವುದೆಂಬುದೇ ಬದಲಾಗುತ್ತದೆ. ಊರೆ ಜಾಗ ಬದಲಿಸುವಾಗ ಇಡೀ ನೌಕೆ ಜಗ್ಗುತ್ತದೆ.

ಕಕ್ಷೆಯಲ್ಲಿ ನಡುಕ ಶುರುವಾದರೆ ಗಾಬರಿಯಾಗಬೇಡಿ. ಎಕ್ಸ್ ಒತ್ತಿ ಎಂಜಿನ್ ನಿಲ್ಲಿಸಿ. ಟಿ ಒತ್ತಿ, ನೌಕೆಯ ದಿಕ್ಕು ಹಿಡಿದಿಡುವ ಎಸ್‌ಎಎಸ್ ಆಫ್ ಮಾಡಿ, ನೇರ ಮಾಡಲು ಹೋಗಿ ಅದೇ ಎಷ್ಟೋ ಸಲ ನಡುಕ ಹೆಚ್ಚಿಸುತ್ತದೆ. ನಂತರ ಚುಕ್ಕೆಯ ಕೀ ಒತ್ತಿ ಸಮಯವನ್ನು ವೇಗವಾಗಿ ಓಡಿಸಿ, ತಕ್ಷಣ ಮಾಮೂಲಿ ವೇಗಕ್ಕೆ ತನ್ನಿ. ಆ ಕ್ಷಣದಲ್ಲಿ ಭಾಗಗಳ ಲೆಕ್ಕ ನಿಲ್ಲುವುದರಿಂದ ನಡುಕವೂ ನಿಲ್ಲುತ್ತದೆ. ಆಲ್ಟ್ ಹಿಡಿದು ಒತ್ತಬೇಡಿ. ಅದರಲ್ಲಿ ಲೆಕ್ಕ ನಿಲ್ಲುವುದಿಲ್ಲ, ದೊಡ್ಡ ದೊಡ್ಡ ಹೆಜ್ಜೆಯಲ್ಲಿ ನಡೆದು ನೌಕೆ ಬೇಗ ಮುರಿಯುತ್ತದೆ.

ಆಟವನ್ನು ಉಳಿಸಿಡಲು ಎಫ್ 5 ಕೀ ಒಂದನ್ನೇ ನಂಬಬೇಡಿ. ಅದು ಪ್ರತಿ ಸಲ ಹಳೆಯದರ ಮೇಲೆಯೇ ಬರೆಯುತ್ತದೆ. ಚೂರಾದ ಮೇಲೆ ಒತ್ತಿದರೆ ಉಳಿಯುವುದು ಚೂರುಗಳೇ. ನನ್ನ ಹನ್ನೊಂದು ಸಂಜೆ ಹೋಗಿದ್ದು ಹಾಗೆ. ಆಲ್ಟ್ ಮತ್ತು ಎಫ್ 5 ಒಟ್ಟಿಗೆ ಒತ್ತಿದರೆ ಹೆಸರು ಕೇಳುತ್ತದೆ. ಈಗ ನಿಂತ ಗಾಡಿಗೆ ಇನ್ನೂ ಅರ್ಧ ಕಿಲೋಮೀಟರ್ ಇರುವಾಗಲೇ 'ಮುನ್ ಹತ್ತಿರ 1', 'ಮುನ್ ಹತ್ತಿರ 2' ಎಂದು ಬೇರೆ ಬೇರೆಯಾಗಿ ಉಳಿಸಿ, ಆಮೇಲೆ ಮುಂದೆ ಹೋಗುತ್ತೇನೆ.