ಒಂದು ಸುರಂಗ, ನಾಲ್ಕು ವಿಭಾಗ, ಒಂದು ಬಾಲ್ದಿ

ನಾಲ್ಕು ವಿಭಾಗದ ನಾಲ್ಕು ಮಕ್ಕಳನ್ನು ಒಂದೇ ಪ್ರಾಜೆಕ್ಟಿಗೆ ಹಾಕಿದರೆ ಕೊನೆಗೆ ಬರುವುದು ನಾಲ್ಕು ಪ್ರಬಂಧಗಳ ಒಂದು ಹೊಲಿಗೆ, ಅಷ್ಟೆ ಎಂದು ಸ್ಟಾಫ್ ರೂಮಿನಲ್ಲಿ ಹೇಳಿದವರೇ ಹೆಚ್ಚು. ಮೊದಲ ವರ್ಷ ಅವರ ಮಾತೇ ನಿಜವಾಯಿತು. ಆ ವರ್ಷ ಬಿಟ್ಟು ಈಗ ಮೂರು ಬ್ಯಾಚ್ ಮುಗಿದಿವೆ. ಹನ್ನೊಂದು ಗುಂಪುಗಳಲ್ಲಿ ಒಂಬತ್ತು ಗುಂಪಿನ ವರದಿಯನ್ನು ಯಾರ ಮುಂದೆ ಬೇಕಾದರೂ ಇಡಬಹುದು. ಅಂದು ನಕ್ಕವರಲ್ಲಿ ಇಬ್ಬರು ಈ ವರ್ಷ ಫಾರ್ಮ್ಯಾಟ್ ಕೇಳಿ ಒಯ್ದರು. ಫಾರ್ಮ್ಯಾಟಿನಲ್ಲಿ ಏನೂ ಇಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ವರ್ಷ ಕೆಟ್ಟದ್ದು ವಿಷಯದ ಆಯ್ಕೆಯಲ್ಲಿ. ‘ಕಾಸರಗೋಡಿನ ನೀರಿನ ಸಮಸ್ಯೆ: ಒಂದು ಅಂತರಶಿಸ್ತೀಯ ಅಧ್ಯಯನ’. ಇಷ್ಟು ದೊಡ್ಡ ಹೆಸರಿನ ಕೆಳಗೆ ಯಾರು ಏನು ಬರೆದರೂ ಹೊಂದುತ್ತದೆ. ರಸಾಯನಶಾಸ್ತ್ರದವರು ನೀರಿನ ಗುಣದ ಬಗ್ಗೆ ಬರೆದರು, ಅರ್ಥಶಾಸ್ತ್ರದವರು ಅಡಿಕೆ ಧಾರಣೆಯ ಬಗ್ಗೆ, ಕನ್ನಡದವರು ಗಾದೆಗಳ ಬಗ್ಗೆ. ಒಬ್ಬರ ಅಧ್ಯಾಯ ತೆಗೆದರೂ ಉಳಿದವರಿಗೆ ನಷ್ಟವಿರಲಿಲ್ಲ. ಈಗ ನನ್ನ ಪರೀಕ್ಷೆ ಅದೇ: ಒಬ್ಬ ಕೈಬಿಟ್ಟರೆ ಉಳಿದ ಮೂವರ ಕೆಲಸ ನಿಲ್ಲಬೇಕು. ನಿಲ್ಲದಿದ್ದರೆ ಆ ಪ್ರಶ್ನೆ ಬೇಡ.

ಆದ್ದರಿಂದ ಗುಂಪಿಗೆ ವಿಷಯ ಕೊಡುವುದನ್ನು ಬಿಟ್ಟು ಸುರಂಗ ಕೊಡಲು ಶುರು ಮಾಡಿದೆ. ಬಾಯಾರು, ಪೈವಳಿಕೆ, ಎಣ್ಮಕಜೆ ಕಡೆ ಗುಡ್ಡದ ಬದಿಗೆ ಅಡ್ಡಲಾಗಿ ಕೊರೆದ ನೀರಿನ ಸುರಂಗಗಳಿಗೆ ಬರವಿಲ್ಲ. ಒಂದು ಗುಂಪಿಗೆ ಒಂದು ಸುರಂಗ, ಒಂದು ಪ್ರಶ್ನೆ: ಏಪ್ರಿಲ್ ಎರಡನೇ ವಾರ ಈ ನೀರು ಎಷ್ಟು ಅಡಿಕೆ ಮರಕ್ಕೆ ಸಾಕು, ಅದನ್ನು ಕುಡಿಯಬಹುದೇ, ಕೊರೆದ ಕಾಲದಲ್ಲಿ ಎಷ್ಟಿತ್ತು? ನೀರಿನ ಹರಿವು ಭೂಗೋಳದವರ ಕೈಯಲ್ಲಿ, ಕುಡಿಯುವ ಪ್ರಶ್ನೆ ರಸಾಯನಶಾಸ್ತ್ರದವರ ಕೈಯಲ್ಲಿ, ಮರದ ಲೆಕ್ಕ ಅರ್ಥಶಾಸ್ತ್ರದವರದ್ದು. ಕೊರೆದ ಕಾಲದ ಸಂಗತಿ ಮುದುಕರ ಬಾಯಲ್ಲಿ, ಅದೂ ತುಳುವಿನಲ್ಲಿ, ಹವ್ಯಕ ಕನ್ನಡದಲ್ಲಿ, ಮಲಯಾಳದಲ್ಲಿ. ಅದು ಕನ್ನಡ ವಿಭಾಗದ ಪಾಲು.

ಮೊದಲ ಮೂರು ವಾರ ಪಾಲು ಅದಲುಬದಲು. ಕನ್ನಡದವಳು ನೀರಿನ ಆಮ್ಲತೆ ಅಳೆಯುವ ಪಿಎಚ್ ಮೀಟರ್ ಹಿಡಿಯಬೇಕು, ರಸಾಯನಶಾಸ್ತ್ರದವನು ಅಜ್ಜನನ್ನು ಮಾತಾಡಿಸಬೇಕು. ಎಲ್ಲರಿಗೂ ಇದರ ಮೇಲೆ ಸಿಟ್ಟು. ನಾಲ್ಕನೇ ವಾರದಿಂದ ಅವರವರ ಕೆಲಸ ಅವರವರಿಗೆ. ಆದರೆ ಅಷ್ಟರಲ್ಲಿ ಇನ್ನೊಬ್ಬರ ಅಂಕಿಯನ್ನು ಸಂಶಯದಿಂದ ನೋಡುವ ಅಭ್ಯಾಸ ಬಂದಿರುತ್ತದೆ.

ಗುಂಪು ಕಟ್ಟುವ ಮೊದಲು ಹತ್ತು ನಿಮಿಷದ ಒಂದು ಚಿಕ್ಕ ಪರೀಕ್ಷೆ ಇದೆ. ಅದು ಏನೆಂದು ಬರೆಯುವುದಿಲ್ಲ. ಬರೆದರೆ ಮುಂದಿನ ವರ್ಷದ ಮಕ್ಕಳು ಓದಿಕೊಂಡೇ ಬರುತ್ತಾರೆ. ಗೆಳೆಯರನ್ನು ಒಟ್ಟಿಗೆ ಹಾಕುವುದಿಲ್ಲ, ಒಂದೇ ವಿಭಾಗದ ಇಬ್ಬರನ್ನು ಒಂದು ಗುಂಪಿಗೆ ಹಾಕುವುದಿಲ್ಲ, ಇಷ್ಟು ಹೇಳಬಹುದು. ಕೆಟ್ಟ ಎರಡು ಗುಂಪಿನಲ್ಲಿ ಒಂದು ಕೆಟ್ಟದ್ದು ಈ ಎರಡನೇ ನಿಯಮ ಮುರಿದು ಐವರನ್ನು ಹಾಕಿದ್ದರಿಂದ. ಒಂದೇ ವಿಭಾಗದ ಇಬ್ಬರು ಸೇರಿ ತಮ್ಮ ಅಧ್ಯಾಯ ಬೇರೆಯೇ ಮಾಡಿಕೊಂಡರು, ಪುನಃ ಹೊಲಿಗೆ.

ಇನ್ನು ಬಾಲ್ದಿ. ಹರಿವಿನ ಅಳತೆಗೆ ಹತ್ತು ಲೀಟರಿನ ಪೈಂಟ್ ಬಾಲ್ದಿಯೂ ಮೊಬೈಲಿನ ಸ್ಟಾಪ್‌ವಾಚೂ ಸಾಕು. ಆದರೆ ಬಾಲ್ದಿಯ ಮೇಲೆ ಬರೆದ ಹತ್ತನ್ನು ನಂಬಬಾರದು. ನಮ್ಮದರಲ್ಲಿ ಕಂಠದವರೆಗೆ ಹತ್ತೂವರೆ ಲೀಟರಿಗಿಂತ ಹೆಚ್ಚು ಹಿಡಿಯುತ್ತಿತ್ತು. ದಿನಸಿ ಅಂಗಡಿಯ ತಕ್ಕಡಿಯಲ್ಲಿ ಹತ್ತು ಕಿಲೋ ನೀರು ತೂಗಿ, ಆ ಮಟ್ಟಕ್ಕೆ ಮಾರ್ಕರ್ ಗೆರೆ ಹಾಕಬೇಕು. ಮೂರು ಸಲ ತುಂಬಿಸಿ ಸೆಕೆಂಡು ಬರೆಯುವುದು. ಎರಡು ಸೆಕೆಂಡಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಇನ್ನೆರಡು ಸಲ.

ಇದರಲ್ಲೂ ಒಂದು ಗುಂಪು ಮೋಸ ಹೋಯಿತು. ನಿಮಿಷಕ್ಕೆ 31 ಲೀಟರ್ ಬರೆದುಕೊಂಡು ಬಂದರು, ಮರುವಾರ ಹೋದರೆ 9. ಸುರಂಗದ ಒಳಗೆ ಮಣ್ಣಿನ ಕಟ್ಟ ಹಾಕಿ ಪೈಪ್ ಇಟ್ಟಿರುತ್ತಾರೆ, ರಾತ್ರಿಯ ನೀರೆಲ್ಲ ಅದರ ಹಿಂದೆ ನಿಂತಿರುತ್ತದೆ. ಮಕ್ಕಳು ಹೋದಾಗ ಮನೆಯವರು ಉಪಕಾರಕ್ಕೆಂದು ಪೈಪಿನ ಬಿರಡೆ ತೆಗೆದುಕೊಟ್ಟಿದ್ದರು, ಇವರು ಅಳೆದದ್ದು ನಿಂತ ನೀರನ್ನು. ಈಗ ಹಿಂದಿನ ಸಂಜೆಯೇ ಫೋನ್ ಮಾಡಿ ಬಿರಡೆ ತೆಗೆದಿಡಲು ಹೇಳುತ್ತೇವೆ. ಆಮೇಲೂ ಅರ್ಧ ಗಂಟೆಯ ಅಂತರದಲ್ಲಿ ಎರಡು ಸಲ ಅಳೆದು, ಎರಡೂ ಒಂದೇ ಬಂದರೆ ಮಾತ್ರ ಪುಸ್ತಕಕ್ಕೆ ಏರಿಸುವುದು.

ಬಾಲ್ದಿ ಹಿಡಿಸಲು ಎತ್ತರ ಸಾಲದ ಕಡೆ ತಗಡಿನಲ್ಲಿ 90 ಡಿಗ್ರಿಯ ವಿ ಆಕಾರದ ಕಚ್ಚು ಕತ್ತರಿಸಿ ತೋಡಿಗೆ ಅಡ್ಡ ಇಟ್ಟು ನೋಡಿದೆವು. ನೋಡಲು ಚಂದ, ನಮ್ಮ ಹರಿವಿಗೆ ಪ್ರಯೋಜನವಿಲ್ಲ. ಕಚ್ಚಿನ ತಳದಿಂದ ಮೂರು ಸೆಂಟಿಮೀಟರ್ ಎತ್ತರ ನೀರು ಎಂದರೆ ನಿಮಿಷಕ್ಕೆ ಹದಿಮೂರು ಲೀಟರ್. ಸ್ಕೇಲು ಓದುವಾಗ ಎರಡು ಮಿಲಿಮೀಟರ್ ತಪ್ಪಿದರೆ ಉತ್ತರ ಶೇಕಡಾ 17ರಷ್ಟು ಹಾರುತ್ತದೆ. ಇನ್ನೊಂದು ಗುಂಪಿಗೆ ಉಪ್ಪು ಕರಗಿಸಿ ಹರಿವು ಅಳೆಯುವ ಹುಚ್ಚು ಹಿಡಿಯಿತು. ಕುಡಿಯುವ ನೀರಿಗೆ ಉಪ್ಪು ಸುರಿಯಲು ಯಾರು ಬಿಡುತ್ತಾರೆ? ಮನೆಯವರು ಬೈದದ್ದೇ ಸರಿ. ಈಗ ಅಂಥ ಕಡೆ ಎರಡು ಅಡಿ ಪಿವಿಸಿ ಪೈಪ್ ಕೂರಿಸಿ, ಸುತ್ತ ಮಣ್ಣು ಮೆತ್ತಿ, ಪೈಪಿನ ಬಾಯಿಗೆ ಚಿಕ್ಕ ಪಾತ್ರೆ ಹಿಡಿಯುತ್ತೇವೆ.

ಬಾಲ್ದಿಗೆ 80 ಸೆಕೆಂಡು ಬಂದರೆ ನಿಮಿಷಕ್ಕೆ ಏಳೂವರೆ ಲೀಟರ್, ದಿನಕ್ಕೆ 10,800. ಬೇಸಗೆಯಲ್ಲಿ ಮರವೊಂದಕ್ಕೆ ನಾಲ್ಕು ದಿನಕ್ಕೊಮ್ಮೆ 175 ಲೀಟರ್ ಹಿಡಿದರೆ ಸುಮಾರು 245 ಮರ. ಡ್ರಿಪ್ ಹಾಕಿ ದಿನಕ್ಕೆ 20 ಲೀಟರ್ ಬಿಟ್ಟರೆ 540. ಅರ್ಥಶಾಸ್ತ್ರದವರು ಮೊದಲು ಇಲ್ಲಿಗೇ ನಿಲ್ಲಿಸುತ್ತಿದ್ದರು. ರಾತ್ರಿ ಬಂದ ನೀರು ಎಲ್ಲಿ ನಿಲ್ಲುತ್ತದೆ ಎಂದು ಕೇಳಿದರೆ ಉತ್ತರವಿರಲಿಲ್ಲ. ಟ್ಯಾಂಕಿ ಐದು ಸಾವಿರ ಲೀಟರಿನದ್ದಾದರೆ ಹನ್ನೆರಡು ಗಂಟೆ ರಾತ್ರಿಯ 5,400ರಲ್ಲಿ ನಾನೂರು ಲೀಟರ್ ತೋಡಿಗೇ. ಟ್ಯಾಂಕಿಯ ಅಳತೆ ಟೇಪು ಹಿಡಿದು ತರದೆ ಮರದ ಲೆಕ್ಕಕ್ಕೆ ಕೈ ಹಾಕಬಾರದು ಎಂಬುದು ಈಗ ನಿಯಮ.

ಪಿಎಚ್ ನಮ್ಮನ್ನು ಒಂದು ಇಡೀ ಸೆಮಿಸ್ಟರ್ ಸತಾಯಿಸಿತು. ಸುರಂಗದ ಬಾಯಲ್ಲಿ 5.4, ಮರುದಿನ ಲ್ಯಾಬಿನಲ್ಲಿ ಅದೇ ಬಾಟಲಿ 6.3. ಮಕ್ಕಳು ಮೀಟರನ್ನು ಬೈದರು, ಲ್ಯಾಬಿನವರು ಮಕ್ಕಳನ್ನು ಬೈದರು. ತಪ್ಪು ಇಬ್ಬರದ್ದೂ ಅಲ್ಲ. ಗುಡ್ಡದ ಒಳಗಿನ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚು ಕರಗಿರುತ್ತದೆ. ಹೊರಗಿನ ಗಾಳಿ ತಾಗಿದರೆ ಅದು ಹಾರಿಹೋಗಿ ಪಿಎಚ್ ಏರುತ್ತದೆ. ಬಾಟಲಿ ಅರ್ಧ ತುಂಬಿಸಿ ಬಸ್ಸಿನಲ್ಲಿ ಕುಲುಕಿಸಿಕೊಂಡು ಬಂದರೆ ಕೇಳುವುದೇ ಬೇಡ. ಹಾಗಾಗಿ ಪಿಎಚ್ ಸ್ಥಳದಲ್ಲೇ, ನೀರು ಹೊರಬೀಳುವ ಜಾಗದಲ್ಲೇ. ಇನ್ನೊಂದು ಸಂಗತಿ, ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ನೀರಿನಲ್ಲಿ ಲವಣ ತೀರಾ ಕಡಿಮೆ. ನಮ್ಮ ಸುರಂಗಗಳಲ್ಲಿ ಲವಣದ ಅಂದಾಜು ಕೊಡುವ ವಿದ್ಯುತ್ ವಾಹಕತೆ ಹೆಚ್ಚಾಗಿ ಸೆಂಟಿಮೀಟರಿಗೆ 40ರಿಂದ 60 ಮೈಕ್ರೋಸೀಮನ್ಸ್ ಒಳಗೆ. ಇಂಥ ನೀರಿನಲ್ಲಿ ಕಿಸೆ ಮೀಟರಿನ ಅಂಕಿ ನಿಲ್ಲುವುದೇ ಇಲ್ಲ, ಜಾರುತ್ತಲೇ ಇರುತ್ತದೆ. ಪಿಎಚ್ 4 ಮತ್ತು 7 ಎಂದು ಗೊತ್ತಿರುವ ಬಫರ್ ದ್ರಾವಣಗಳಲ್ಲಿ ಅಂದು ಬೆಳಿಗ್ಗೆಯೇ ಸರಿಮಾಡಿಕೊಂಡು, ಅದೇ ನೀರಿನಲ್ಲಿ ತುದಿಯನ್ನು ನಾಲ್ಕೈದು ಸಲ ತೊಳೆದು, ಐದು ನಿಮಿಷ ಮುಳುಗಿಸಿಟ್ಟು ಓದಬೇಕು. ಒಂದೂ ಕಾಲು ಸಾವಿರ ಕೊಟ್ಟು ತಂದ ಮೊದಲ ಮೀಟರ್ ಆರು ತಿಂಗಳಲ್ಲಿ ಸತ್ತಿತು. ರಜೆಯಲ್ಲಿ ತುದಿ ಒಣಗಿತ್ತು. ಈಗ ಮುಚ್ಚಳದಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದ ಹನಿ ಇದೆಯೇ ಎಂದು ವಾರಕ್ಕೊಮ್ಮೆ ನೋಡುವ ಕೆಲಸ ಕನ್ನಡ ವಿಭಾಗದವರಿಗೆ ವಹಿಸಿದ್ದೇನೆ, ಅವರು ಮರೆಯುವುದಿಲ್ಲ. ರೋಗಾಣುವಿನ ಅಂದಾಜಿಗೆ, ಮಲಿನ ನೀರು ಹಾಕಿದರೆ ಕಪ್ಪಾಗುವ ಎಚ್‌ಟೂಎಸ್ ಬಾಟಲಿ ಸಾಕು. ಕಪ್ಪಾಗದಿದ್ದರೆ ನೀರು ಶುದ್ಧ ಎಂದು ಮಾತ್ರ ಬರೆಯಲು ಬಿಡಬೇಡಿ.

ಸುರಂಗದ ಒಳಗೆ ಯಾವ ವಿದ್ಯಾರ್ಥಿಯೂ ಕಾಲಿಡಬಾರದು. ಕುಸಿತ, ಹಾವು, ಉಸಿರಿಗೆ ಗಾಳಿ ಸಾಲದಿರುವುದು, ಮೂರೂ ನಿಜವಾದ ಅಪಾಯ. ಹಾಗಾದರೆ ಉದ್ದ? ಲೇಸರ್ ಮೀಟರ್ ಮೊದಲ ತಿರುವಿನವರೆಗೆ ಮಾತ್ರ. ಆಮೇಲೆ ಕೊರೆದವರ ಬಾಯಿಮಾತೇ ಗತಿ, ಅವರ ಲೆಕ್ಕ ಕೋಲಿನಲ್ಲಿ. 38 ಕೋಲನ್ನು ಒಬ್ಬ 38 ಮೀಟರ್ ಎಂದೇ ಬರೆದುಬಿಟ್ಟ. ಒಂದು ಕೋಲು ಹೆಚ್ಚುಕಡಿಮೆ 72 ಸೆಂಟಿಮೀಟರ್, ಅಂದರೆ ಉದ್ದ 27 ಮೀಟರ್ ಆಸುಪಾಸು. ಆದರೆ ಎಲ್ಲರ ಕೋಲೂ ಒಂದೇ ಅಲ್ಲ. ಕೊರೆದವರ ಮನೆಯಲ್ಲಿ ಆ ಕೋಲು ಇನ್ನೂ ಅಟ್ಟದಲ್ಲಿದ್ದರೆ ಅದನ್ನೇ ಇಳಿಸಿ ಟೇಪು ಹಿಡಿಯಿರಿ.

ಮಾತುಕತೆಯ ಮಾತು ಬಂತು. ರೆಕಾರ್ಡಿಂಗ್ ನಲುವತ್ತು ನಿಮಿಷಕ್ಕೆ ನಿಲ್ಲಿಸಬೇಕು. ತುಳುವಿನ ಒಂದು ಗಂಟೆಯ ಮಾತನ್ನು ಕನ್ನಡ ಲಿಪಿಗೆ ಇಳಿಸಲು ಏಳೆಂಟು ಗಂಟೆ ಹಿಡಿಯುತ್ತದೆ. ಫೋನಿನ ಆ್ಯಪ್ ತುಳುವನ್ನು ಏನೇನೋ ಕನ್ನಡ ಮಾಡಿ ಕೊಟ್ಟದ್ದನ್ನು ನಂಬಿ ಒಂದು ಗುಂಪು ಎರಡು ವಾರ ಕಳೆದುಕೊಂಡಿತು. ಒಪ್ಪಿಗೆ ಪತ್ರಕ್ಕೆ ಸಹಿ ಕೇಳಿದರೆ ಜನ ಹೆದರುತ್ತಾರೆ, ಜಾಗದ ಕಾಗದ ಎಂದೇ ಭಾವಿಸುತ್ತಾರೆ. ಅವರ ಭಾಷೆಯಲ್ಲೇ ಓದಿ ಹೇಳಿ, ‘ಆವು’ (ಆಗಲಿ) ಎಂದದ್ದನ್ನು ರೆಕಾರ್ಡ್ ಮಾಡಿದರೆ ಸಾಕು. ಮನೆಯವರು ನಡುವೆ ಬೇಡ ಎಂದರೆ ಎಲ್ಲ ಅಂಕಿ ಕೈಬಿಡಬೇಕು. ಕೆಟ್ಟ ಇನ್ನೊಂದು ಗುಂಪಿಗೆ ಆದದ್ದು ಅದೇ, ಫೆಬ್ರವರಿಯಲ್ಲಿ. ಆವತ್ತಿನಿಂದ ಪ್ರತಿ ಗುಂಪಿಗೂ ಒಂದು ಮೀಸಲು ಸುರಂಗ ಇರುತ್ತದೆ, ಅದರ ಅಳತೆಯೂ ಡಿಸೆಂಬರಿನಿಂದಲೇ ಶುರು.

ನಾಲ್ಕು ವಿಭಾಗ ನಿಜವಾಗಿ ಕೂಡಿದ್ದು ಎಲ್ಲಿ ಎಂದು ಕೇಳಿದರೆ ನಾನು ತೋರಿಸುವುದು ಒಂದೇ ಪುಟ. ಒಂದೇ ಗುಡ್ಡದಲ್ಲಿ ಇನ್ನೂರು ಮೀಟರ್ ಅಂತರದ ಎರಡು ಸುರಂಗ. ಡಿಸೆಂಬರಿನಲ್ಲಿ ಎರಡರಲ್ಲೂ ನಿಮಿಷಕ್ಕೆ ಹದಿನಾಲ್ಕು ಲೀಟರಿನ ಹತ್ತಿರ. ಮಾರ್ಚ್ ಕೊನೆಗೆ ಒಂದು ಏಳು, ಇನ್ನೊಂದು ಒಂದೂವರೆ. ಒಂದೇ ಪ್ರಮಾಣದಲ್ಲಿ ಇಳಿಯುವುದನ್ನು ನೇರ ಗೆರೆಯಾಗಿ ತೋರಿಸುವ ಸೆಮಿಲಾಗ್ ಗ್ರಾಫ್ ಹಾಳೆಯಲ್ಲಿ ಮೊದಲನೆಯದ್ದು ನೇರ ಗೆರೆ, ಎರಡನೆಯದ್ದು ಫೆಬ್ರವರಿಯಲ್ಲಿ ಮುರಿದ ಗೆರೆ. ಭೂಗೋಳದವನಿಗೆ ಕಾರಣ ಹೊಳೆಯಲಿಲ್ಲ. ಪಿಎಚ್, ವಾಹಕತೆ ಎರಡೂ ಕಡೆ ಒಂದೇ. ಉತ್ತರ ಇದ್ದದ್ದು ಕನ್ನಡದವಳ ಲಿಪ್ಯಂತರದಲ್ಲಿ. ಮೊದಲನೆಯದನ್ನು ಕೊರೆದವರು ಹೇಳಿದ್ದರು: ‘ಅಡಿಯಲ್ಲಿ ಶೇಡಿ ಸಿಕ್ಕಿತು, ಅದರ ಮೇಲೆಯೇ ಹಿಡಿದುಕೊಂಡು ಹೋದೆವು.’ ಎರಡನೆಯದರಲ್ಲಿ ಕೊನೆಯವರೆಗೂ ಮುರಕಲ್ಲೇ. ಮುರಕಲ್ಲಿನಲ್ಲಿ ನೀರು ಇಳಿಯುತ್ತದೆ, ಶೇಡಿಮಣ್ಣಿನಲ್ಲಿ ಇಳಿಯುವುದಿಲ್ಲ, ಅದರ ಮೇಲೆ ನಿಂತು ಬದಿಗೆ ಹರಿಯುತ್ತದೆ. ಶೇಡಿಯ ಮಟ್ಟದಲ್ಲಿರುವ ಸುರಂಗಕ್ಕೆ ಗುಡ್ಡದ ಕೊನೆಯ ನೀರೂ ಬರುತ್ತದೆ. ಅದಕ್ಕಿಂತ ಮೇಲಿರುವುದು ನೀರಿನ ಮಟ್ಟ ಕೆಳಗಿಳಿದ ದಿನವೇ ಬಡವಾಗುತ್ತದೆ. ‘ಶೇಡಿ’ ಎಂಬ ಮಾತನ್ನು ಆಕೆ ‘ಜೇಡಿ’ ಎಂದು ತಿದ್ದಿ, ಶಬ್ದಪಟ್ಟಿಯಲ್ಲಿ ‘ಒಂದು ಬಗೆಯ ಮಣ್ಣು’ ಎಂದು ಬರೆದು ಬಿಟ್ಟಿದ್ದಳು. ಅದನ್ನು ಹಿಡಿದದ್ದು ರಸಾಯನಶಾಸ್ತ್ರದವನು. ಮೊದಲ ಮೂರು ವಾರ ಆ ಅಜ್ಜನ ಎದುರು ಕೂತವನು ಅವನೇ.

ದುಡ್ಡು. ಮೊದಲ ವರ್ಷ ಮೂರು ಗುಂಪಿಗೆ ಹನ್ನೊಂದು ಸಾವಿರದ ಹತ್ತಿರ ಹೋಯಿತು, ಅದರಲ್ಲಿ ಏಳು ಸಾವಿರ ಜೀಪಿಗೆ. ಈಗ ಸುರಂಗ ಆರಿಸುವಾಗಲೇ ಬದಿಯಡ್ಕ–ಪೆರ್ಲ ದಾರಿಯ ಅಥವಾ ಉಪ್ಪಳ–ಬಾಯಾರು ದಾರಿಯ ಬಸ್ ಸ್ಟಾಪಿನಿಂದ ಒಂದೂವರೆ ಕಿಲೋಮೀಟರ್ ಒಳಗೆ ಇರಬೇಕೆಂದು ನೋಡುತ್ತೇವೆ. ಗುಂಪಿಗೆ ಎರಡು ಸಾವಿರದ ಇನ್ನೂರು, ಮುನ್ನೂರರಲ್ಲಿ ಮುಗಿಯುತ್ತದೆ. ಕೊರೆದವರು ಅರ್ಧ ದಿನ ನಮಗೆ ಕೊಟ್ಟರೆ ಐನೂರು ರೂಪಾಯಿ ಕೊಡುವುದು ನ್ಯಾಯ. ಅದಕ್ಕೆ ವೋಚರ್ ಯಾವ ತಲೆಬರಹದಲ್ಲಿ ಎಂದು ಆಫೀಸಿನವರು ಎರಡು ತಿಂಗಳು ಕೂರಿಸಿದರು. ಈಗ ಬೇರೆ ತಲೆಬರಹದಲ್ಲಿ ಪಾಸಾಗುತ್ತಿದೆ. ಯಾವುದು ಎಂದು ಇಲ್ಲಿ ಬರೆಯುವುದು ಬೇಡ, ಫೋನ್ ಮಾಡಿದರೆ ಹೇಳುತ್ತೇನೆ.

ಮಾರ್ಕು ನೂರರಲ್ಲಿ ವರದಿಗೆ ಮೂವತ್ತೇ. ಕ್ಷೇತ್ರಪುಸ್ತಕಕ್ಕೆ ಮೂವತ್ತು: ಕೈಬರಹ, ಹೊಡೆದು ಹಾಕಿದ ಅಂಕಿ ಕಾಣಬೇಕು, ರಬ್ಬರ್ ಹಾಕುವಂತಿಲ್ಲ. ಯಂತ್ರದಿಂದ ವರದಿ ಬರೆಸಿದವನು ಬಾಲ್ದಿಯ ಹದಿನೈದು ಸೆಕೆಂಡಂಕಿಗಳನ್ನು ಕೆಸರಿನ ಬೆರಳಚ್ಚಿನ ಸಮೇತ ತರಲಾರ. ಇಪ್ಪತ್ತು ಅದಲುಬದಲು ಮೌಖಿಕಕ್ಕೆ. ಹೊರಗಿನ ಪರೀಕ್ಷಕರ ಎದುರು ಕನ್ನಡದವಳು ಮೀಟರ್ ಸರಿಮಾಡಿ ತೋರಿಸಬೇಕು, ರಸಾಯನಶಾಸ್ತ್ರದವನು ಶೇಡಿ ಎಂದರೇನು ಎಂದು ಹೇಳಬೇಕು. ಉಳಿದ ಇಪ್ಪತ್ತು ಸುರಂಗದ ಮನೆಯ ಅಂಗಳದಲ್ಲಿ, ಮನೆಯವರಿಗೆ ಅವರ ಭಾಷೆಯಲ್ಲಿ ಫಲಿತಾಂಶ ಹೇಳುವುದಕ್ಕೆ. ಅಲ್ಲಿ ಬರುವ ಪ್ರಶ್ನೆಗಳು ಪರೀಕ್ಷಕರದ್ದಕ್ಕಿಂತ ಕಷ್ಟ.

ಏಪ್ರಿಲ್ ಅಳತೆಯೂ ಪರೀಕ್ಷೆಯೂ ಒಟ್ಟಿಗೇ ಬಂದು ಬೀಳುವುದಕ್ಕೆ ಇನ್ನೂ ದಾರಿ ಸಿಕ್ಕಿಲ್ಲ. ಸದ್ಯ ಭಾನುವಾರ ಬೆಳಗಿನ ಮೊದಲ ಬಸ್ಸಿಗೆ ಇಬ್ಬರನ್ನು ಕಳಿಸುತ್ತೇವೆ. ಈ ಡಿಸೆಂಬರಿಗೆ ಒಂದು ಗುಂಪನ್ನು ಮದಕಕ್ಕೆ (ಮಳೆನೀರು ನಿಲ್ಲಿಸುವ ಕೆರೆಗೆ) ಹಾಕಬೇಕೆಂದಿದ್ದೇನೆ. ಅಲ್ಲಿ ಬಾಲ್ದಿ ನಡೆಯುವುದಿಲ್ಲ, ಗೂಟಕ್ಕೆ ಅಳತೆಪಟ್ಟಿ ಹೊಡೆದು ನೆಟ್ಟು, ಇಳಿದ ನೀರಿನಲ್ಲಿ ಬಿಸಿಲಿಗೆ ಹೋದದ್ದೆಷ್ಟು, ನೆಲಕ್ಕೆ ಹೋದದ್ದೆಷ್ಟು ಎಂದು ಬೇರ್ಪಡಿಸಬೇಕು. ಮೊದಲ ವರ್ಷ ಕೆಡುತ್ತದೆ ಎಂದೇ ಹಿಡಿದು ಎರಡು ಸಾವಿರ ಹೆಚ್ಚಿಗೆ ಕೇಳಿದ್ದೇನೆ.