ಪೆಟ್ರೋಲ್ ಬೆಲೆ ಏರಿಕೆಗೆ ಹೊಣೆ ಯಾರು? ಲೆಕ್ಕ ಹಾಕಿ ತಿಳಿಯುವ ಬಗೆ

ಪೆಟ್ರೋಲ್ ಬೆಲೆ ಏರಿದ ದಿನ ಬಂಕಿನ ಮುಂದಿನ ಮಾತು ಹೆಚ್ಚಾಗಿ ಎರಡೇ ಜಾಡಿನಲ್ಲಿ ಸಾಗುತ್ತದೆ. ಒಬ್ಬರು ದೆಹಲಿಯನ್ನು ದೂರುತ್ತಾರೆ, ಇನ್ನೊಬ್ಬರು ವಿಧಾನಸೌಧವನ್ನು ದೂರುತ್ತಾರೆ. ನಡುವೆ ಯಾರಾದರೂ ಅರಬ್ ದೇಶಗಳ ಹೆಸರು ತೆಗೆದರೆ ಮಾತು ಅಲ್ಲಿಗೇ ಮುಗಿಯುತ್ತದೆ. ಬೈಕಿನ ಮೇಲೆ ಮನೆಮನೆಗೆ ಸಾಮಾನು ತಲುಪಿಸಿ ಬದುಕುವ ಹುಡುಗರಿಗೆ ಈ ಬೆಲೆ ಊಟದ ಖರ್ಚಿನಷ್ಟೇ ನೇರವಾಗಿ ತಾಗುತ್ತದೆ. ಆದ್ದರಿಂದ ಹೊಣೆ ಯಾರದೆಂಬ ಪ್ರಶ್ನೆಗೆ ಊಹೆಗಿಂತ ಗಟ್ಟಿಯಾದ ಉತ್ತರ ಬೇಕು. ಅದನ್ನು ಕಂಡುಕೊಳ್ಳಲು ಅರ್ಥಶಾಸ್ತ್ರ ಓದಿರಬೇಕಾಗಿಲ್ಲ. ಕಳೆಯುವುದು, ಭಾಗಿಸುವುದು ಬಂದರೆ ಸಾಕು.

ಮೊದಲ ಕೆಲಸವೆಂದರೆ ಬಂಕಿನ ಫಲಕದ ಮೇಲಿರುವ ಒಂದು ಸಂಖ್ಯೆಯನ್ನು ಬಿಡಿಸಿ ನೋಡುವುದು. ಅದರೊಳಗೆ ನಾಲ್ಕು ಪಾಲುಗಳಿರುತ್ತವೆ: ಸಾಗಣೆಯೂ ಸೇರಿದಂತೆ ತೈಲ ಕಂಪನಿಯ ಮೂಲ ಬೆಲೆ, ಕೇಂದ್ರದ ಅಬಕಾರಿ ಸುಂಕ (ಉತ್ಪಾದನೆಯ ಮೇಲೆ ಬೀಳುವ ತೆರಿಗೆ), ಬಂಕಿನವರಿಗೆ ಸಿಗುವ ಡೀಲರ್ ಕಮಿಷನ್ ಮತ್ತು ಈ ಮೂರರ ಮೊತ್ತದ ಮೇಲೆ ಶೇಕಡಾವಾರು ಬೀಳುವ ರಾಜ್ಯದ ಮಾರಾಟ ತೆರಿಗೆ. ಅಂದರೆ ರಾಜ್ಯವು ಕೇಂದ್ರದ ಸುಂಕದ ಮೇಲೂ ತೆರಿಗೆ ಹಾಕುತ್ತದೆ. 2024ರ ಜೂನ್ 15ರಂದು ಕರ್ನಾಟಕ ಸರ್ಕಾರ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 25.92ರಿಂದ ಶೇ 29.84ಕ್ಕೆ ಏರಿಸಿದಾಗ ಬೆಂಗಳೂರಿನ ಬೆಲೆ ಲೀಟರಿಗೆ 99.84ರಿಂದ 102.84 ರೂಪಾಯಿಗೆ ಹೋಯಿತು. ಈ 102.84ನ್ನು 1.2984ರಿಂದ ಭಾಗಿಸಿದರೆ ಸುಮಾರು 79.20 ರೂಪಾಯಿ ಬರುತ್ತದೆ, ಉಳಿದ 23.64 ರೂಪಾಯಿ ರಾಜ್ಯದ ಪಾಲು. 79.20ರಲ್ಲಿ ಆಗಿನ ಅಬಕಾರಿ ಸುಂಕ 19.90 ಕಳೆದರೆ 59.30 ಉಳಿಯುತ್ತದೆ, ಅದರಲ್ಲಿ ನಾಲ್ಕು ರೂಪಾಯಿಯ ಆಸುಪಾಸು ಡೀಲರ್ ಕಮಿಷನ್. ಹೀಗೆ ಆ ದಿನ ಗ್ರಾಹಕರು ಕೊಟ್ಟ ನೂರಮೂರು ರೂಪಾಯಿಯಲ್ಲಿ ಎರಡು ಸರ್ಕಾರಗಳಿಗೆ ಸೇರಿ ಹೋದದ್ದು 43 ರೂಪಾಯಿಗೂ ಹೆಚ್ಚು. ಆ ದಿನದ ಮೂರು ರೂಪಾಯಿ ಏರಿಕೆಗೆ ಮಾತ್ರ ರಾಜ್ಯ ಸರ್ಕಾರವೇ ಪೂರ್ಣ ಹೊಣೆ. ಆ ಮೂರು ರೂಪಾಯಿಯಲ್ಲಿ ಕಚ್ಚಾ ತೈಲದ ಪಾತ್ರವಾಗಲಿ ಕೇಂದ್ರದ ಪಾತ್ರವಾಗಲಿ ಇರಲಿಲ್ಲ. ಮಹಾರಾಷ್ಟ್ರದಲ್ಲಿ ಇನ್ನೂ ಹೆಚ್ಚಿದೆ ಎಂಬ ಸಮರ್ಥನೆ ಆಗ ಕೇಳಿಬಂತು. ಅದು ನಿಜವಿದ್ದರೂ, ಪಕ್ಕದ ರಾಜ್ಯದ ದರ ನಮ್ಮ ರಾಜ್ಯದ ನಿರ್ಧಾರಕ್ಕೆ ಕಾರಣವಾಗುವುದಿಲ್ಲ.

ಆದರೆ ಒಂದು ದಿನದ ಲೆಕ್ಕದಿಂದ ಹತ್ತು ವರ್ಷಗಳ ಹೊಣೆಯನ್ನು ತೀರ್ಮಾನಿಸಲಾಗದು. ಎರಡನೆಯ ಹೆಜ್ಜೆಯಲ್ಲಿ ಎರಡು ದಿನಾಂಕಗಳನ್ನು ಆರಿಸಿಕೊಂಡು, ನಾಲ್ಕು ಪಾಲುಗಳಲ್ಲಿ ಯಾವುದು ಎಷ್ಟು ಬದಲಾಯಿತೆಂದು ಅಕ್ಕಪಕ್ಕ ಬರೆದುಕೊಳ್ಳಬೇಕು. ಇಡೀ ವಿಧಾನದ ಜೀವಾಳ ಇದೇ. ದೆಹಲಿಯ ಬೆಲೆಯ ವಿವರವನ್ನು ತೈಲ ಕಂಪನಿಗಳೂ ಪೆಟ್ರೋಲಿಯಂ ಸಚಿವಾಲಯದ ಯೋಜನೆ ಮತ್ತು ವಿಶ್ಲೇಷಣಾ ಘಟಕವೂ ಪ್ರಕಟಿಸುವುದರಿಂದ ಅದನ್ನೇ ತೆಗೆದುಕೊಳ್ಳೋಣ. 2014ರ ಮೇ ತಿಂಗಳಲ್ಲಿ ದೆಹಲಿಯಲ್ಲಿ ಪೆಟ್ರೋಲ್ ಬೆಲೆ 71.41 ರೂಪಾಯಿ ಇತ್ತು. 2024ರ ಜೂನ್‌ನಲ್ಲಿ 94.72 ಆಯಿತು. ಏರಿಕೆ 23.31 ರೂಪಾಯಿ. ಇದರಲ್ಲಿ ಅಬಕಾರಿ ಸುಂಕ 9.48ರಿಂದ 19.90ಕ್ಕೆ ಏರಿ 10.42 ರೂಪಾಯಿ ಕೂಡಿಸಿತು. ದೆಹಲಿ ಸರ್ಕಾರದ ವ್ಯಾಟ್, ಅಂದರೆ ಅಲ್ಲಿನ ಮಾರಾಟ ತೆರಿಗೆ, 11.90ರಿಂದ 15.39ಕ್ಕೆ ಹೋಗಿ ಮೂರೂವರೆ ರೂಪಾಯಿ ಸೇರಿಸಿತು. ಡೀಲರ್ ಕಮಿಷನ್ ಎರಡು ರೂಪಾಯಿಗಿಂತ ಕಡಿಮೆ ಏರಿತು. ಉಳಿದ ಏಳೂವರೆ ರೂಪಾಯಿಯಷ್ಟು ಮೂಲ ಬೆಲೆ ಮತ್ತು ಸಾಗಣೆಯದು. ಈ ಹತ್ತು ವರ್ಷಗಳ ಏರಿಕೆಯಲ್ಲಿ ಅತಿ ದೊಡ್ಡ ಪಾಲು ಕೇಂದ್ರದ ಸುಂಕದ್ದೆಂದು ಈ ಲೆಕ್ಕ ಹೇಳುತ್ತದೆ. ಬೇರೆ ಎರಡು ದಿನಾಂಕ ಆರಿಸಿಕೊಂಡರೆ ಉತ್ತರವೂ ಬೇರೆಯಾದೀತು. ಆದ್ದರಿಂದಲೇ ಯಾರಾದರೂ ಒಂದು ಅಂಕಿ ತೋರಿಸಿ ವಾದಿಸಿದಾಗ ಅದು ಯಾವ ದಿನಾಂಕದಿಂದ ಯಾವ ದಿನಾಂಕಕ್ಕೆ, ಯಾವ ಊರಿನದು ಎಂದು ಮೊದಲು ಕೇಳಬೇಕು. ಮೊಬೈಲಿನಲ್ಲಿ ಹರಿದಾಡುವ ಪಟ್ಟಿಗಳಲ್ಲಿ ಬಹುಪಾಲು ಈ ಎರಡು ಪ್ರಶ್ನೆಗಳ ಮುಂದೆ ನಿಲ್ಲುವುದಿಲ್ಲ.

ಮೂರನೆಯ ಹೆಜ್ಜೆಯಲ್ಲಿ, ಮೂಲ ಬೆಲೆಯ ಏರಿಳಿತ ಸಹಜವೋ ಅಲ್ಲವೋ ಎಂದು ತಿಳಿಯಲು ಕಚ್ಚಾ ತೈಲದ ದರವನ್ನು ರೂಪಾಯಿಗೆ ತಂದು ನೋಡಬೇಕು. ಒಂದು ಬ್ಯಾರೆಲ್ ಎಂದರೆ ಸುಮಾರು 159 ಲೀಟರ್. ಡಾಲರ್ ದರವನ್ನು ವಿನಿಮಯ ದರದಿಂದ ಗುಣಿಸಿ 159ರಿಂದ ಭಾಗಿಸಿದರೆ ಲೀಟರ್ ಕಚ್ಚಾ ತೈಲದ ಬೆಲೆ ಸಿಗುತ್ತದೆ. 2014ರ ಮೇ ತಿಂಗಳಲ್ಲಿ ಭಾರತ ಕೊಳ್ಳುವ ಕಚ್ಚಾ ತೈಲ ಸುಮಾರು 107 ಡಾಲರ್, ಡಾಲರಿಗೆ ಸುಮಾರು 59 ರೂಪಾಯಿ. ಲೀಟರಿಗೆ ಹತ್ತಿರಹತ್ತಿರ 40 ರೂಪಾಯಿ. 2024ರ ಜೂನ್‌ನಲ್ಲಿ ತೈಲ 83 ಡಾಲರಿನ ಆಸುಪಾಸು, ಡಾಲರಿಗೆ ಎಂಬತ್ತಮೂರೂವರೆ ರೂಪಾಯಿ. ಲೀಟರಿಗೆ ಸುಮಾರು 43 ರೂಪಾಯಿ. ಡಾಲರಿನಲ್ಲಿ ತೈಲ ಕಾಲು ಭಾಗದಷ್ಟು ಅಗ್ಗವಾಗಿದ್ದರೂ ರೂಪಾಯಿಯಲ್ಲಿ ತುಸು ದುಬಾರಿಯೇ ಆಗಿತ್ತು. ‘ಆಗ 107 ಡಾಲರ್ ಇತ್ತು, ಈಗ 83 ಇದೆ, ಬೆಲೆ ಏಕೆ ಇಳಿಯಲಿಲ್ಲ’ ಎಂದು ಕೇಳುವವರು ರೂಪಾಯಿಯ ಕುಸಿತವನ್ನು ಮರೆತಿರುತ್ತಾರೆ. ಹಾಗೆಯೇ, ಎಲ್ಲವೂ ಜಾಗತಿಕ ಮಾರುಕಟ್ಟೆಯ ಪ್ರಭಾವ ಎನ್ನುವವರು 23 ರೂಪಾಯಿ ಏರಿಕೆಯಲ್ಲಿ ಕಚ್ಚಾ ತೈಲದ ಪಾಲು ಮೂರು ನಾಲ್ಕು ರೂಪಾಯಿಯಷ್ಟೇ ಎಂಬುದನ್ನು ಮರೆಸುತ್ತಾರೆ. ಮಂಗಳೂರಿನಲ್ಲೇ ಸಂಸ್ಕರಣಾಗಾರವಿದ್ದರೂ, ಅಲ್ಲಿಂದ ಹಾಸನದ ಮೂಲಕ ಬೆಂಗಳೂರಿಗೆ ಕೊಳವೆ ಮಾರ್ಗವಿದ್ದರೂ ನಮಗೆ ಅಗ್ಗವಾಗಿ ಸಿಗದಿರುವುದಕ್ಕೆ ಕಾರಣ, ಸಂಸ್ಕರಣಾಗಾರದ ಬಾಗಿಲಿನ ಬೆಲೆಯನ್ನು ಉತ್ಪಾದನೆಯ ವೆಚ್ಚದ ಮೇಲಲ್ಲ, ಪೆಟ್ರೋಲಿನ ಅಂತರರಾಷ್ಟ್ರೀಯ ಮಾರುಕಟ್ಟೆ ದರದ ಮೇಲೆ ಲೆಕ್ಕ ಹಾಕುತ್ತಾರೆ.

ನಾಲ್ಕನೆಯ ಹೆಜ್ಜೆಯನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ನನ್ನ ದೃಷ್ಟಿಯಲ್ಲಿ ಅದೇ ಎಲ್ಲಕ್ಕಿಂತ ಮುಖ್ಯ: ಬೆಲೆ ಏರಿದ ದಿನಗಳನ್ನಷ್ಟೇ ಅಲ್ಲ, ಇಳಿಯಬೇಕಾಗಿದ್ದೂ ಇಳಿಯದ ದಿನಗಳನ್ನು ಗುರುತು ಹಾಕಿಕೊಳ್ಳಿ. 2020ರ ಏಪ್ರಿಲ್‌ನಲ್ಲಿ ಲೋಕವೆಲ್ಲ ಮನೆಯೊಳಗೆ ಕುಳಿತಿದ್ದಾಗ ಭಾರತ ಕೊಳ್ಳುವ ಕಚ್ಚಾ ತೈಲದ ಸರಾಸರಿ ದರ ಬ್ಯಾರೆಲ್‌ಗೆ 20 ಡಾಲರಿಗೆ ಇಳಿಯಿತು. ಲೀಟರಿಗೆ ಹತ್ತು ರೂಪಾಯಿಗಿಂತ ಕಡಿಮೆ. ಆ ಅಗ್ಗದ ತೈಲದಿಂದ ಮಂಗಳೂರು ಮತ್ತು ಪಾದೂರಿನ ನೆಲದಡಿಯ ಸಂಗ್ರಹಾಗಾರಗಳನ್ನು ತುಂಬಿಸಲಾಯಿತು. ಅದು ವಿವೇಕದ ಕೆಲಸವಾಗಿತ್ತು. ಆದರೆ ಬಂಕಿನಲ್ಲಿ ಇಳಿಕೆ ಕಾಣಲಿಲ್ಲ. ಮಾರ್ಚ್ 14ರಂದು ಲೀಟರಿಗೆ 3 ರೂಪಾಯಿ, ಮೇ 6ರಂದು ಮತ್ತೆ 10 ರೂಪಾಯಿ ಸೇರಿ ಪೆಟ್ರೋಲ್ ಮೇಲಿನ ಅಬಕಾರಿ ಸುಂಕ 32.98 ರೂಪಾಯಿಗೆ ಏರಿತು. ಮೇ 6ರ ಏರಿಕೆಯಿಂದ ಚಿಲ್ಲರೆ ಬೆಲೆ ಕದಲಲಿಲ್ಲ. ಕುಸಿದಿದ್ದ ತೈಲದ ಬೆಲೆ ಬಿಟ್ಟುಹೋದ ಜಾಗದಲ್ಲಿ ಸುಂಕ ಬಂದು ಕುಳಿತಿತು. ಜೂನ್ 7ರಿಂದ ಕಂಪನಿಗಳು ದಿನದಿನವೂ ದರ ಏರಿಸತೊಡಗಿದಾಗ ಜನರ ಸಿಟ್ಟು ಕಂಪನಿಗಳ ಮೇಲೆ ಹರಿಯಿತು, ಆದರೆ ಹೊರೆ ಅದಕ್ಕೂ ಒಂದು ತಿಂಗಳು ಮೊದಲೇ ಬಿದ್ದಾಗಿತ್ತು. ಸಂಬಳ ಕಳೆದುಕೊಂಡು ಊರು ಸೇರಿದ್ದ ಜನರಿಗೆ ಅಗ್ಗದ ತೈಲದ ಒಂದಿಷ್ಟು ನೆಮ್ಮದಿಯಾದರೂ ತಲುಪಬೇಕಾಗಿತ್ತು ಎಂದು ನಾನು ಇಂದಿಗೂ ನಂಬುತ್ತೇನೆ. ನಂತರ 2021ರ ನವೆಂಬರ್‌ನಲ್ಲಿ 5 ರೂಪಾಯಿ, 2022ರ ಮೇ ತಿಂಗಳಲ್ಲಿ 8 ರೂಪಾಯಿ ಸುಂಕ ಇಳಿಯಿತೆಂಬುದನ್ನೂ ಅದೇ ಪುಟದಲ್ಲಿ ಬರೆದುಕೊಳ್ಳಬೇಕು. ಇಳಿಸಿದ್ದನ್ನು ಬಿಟ್ಟು ಏರಿಸಿದ್ದನ್ನು ಮಾತ್ರ ಬರೆದರೆ ಲೆಕ್ಕ ಸುಳ್ಳಾಗುತ್ತದೆ. 2021ರ ನವೆಂಬರ್‌ನಲ್ಲಿ ಕರ್ನಾಟಕವೂ ಲೀಟರಿಗೆ 7 ರೂಪಾಯಿ ಇಳಿಸಿತ್ತು. 2025ರ ಏಪ್ರಿಲ್ 8ರಂದು ಕೇಂದ್ರವು ಸುಂಕವನ್ನು 2 ರೂಪಾಯಿ ಏರಿಸಿ 21.90 ಮಾಡಿದಾಗ ಮತ್ತೆ ಹಳೆಯ ರೀತಿಯೇ ನಡೆಯಿತು: ಫಲಕದ ಬೆಲೆ ಹಾಗೆಯೇ ಉಳಿಯಿತು, ಒಳಗಿನ ಪಾಲು ಬದಲಾಯಿತು.

ತೈಲ ಕಂಪನಿಗಳ ಹೊಣೆಯನ್ನು ಅಳೆಯಲು ದರ ನಿಂತ ದಿನಗಳ ಪಕ್ಕದಲ್ಲಿ ಚುನಾವಣೆಯ ದಿನಗಳನ್ನು ಬರೆದು ನೋಡಿ. ಕಾಗದದ ಮೇಲೆ 2010ರ ಜೂನ್‌ನಿಂದ ಪೆಟ್ರೋಲ್ ಬೆಲೆ ನಿಗದಿಪಡಿಸುವ ಸ್ವಾತಂತ್ರ್ಯ ಕಂಪನಿಗಳಿಗೆ ಇದೆ. 2017ರ ಜೂನ್ 16ರಿಂದ ದೇಶದಾದ್ಯಂತ ದಿನವೂ ದರ ಪರಿಷ್ಕರಿಸುವ ಪದ್ಧತಿಯೂ ಬಂತು. ಆದರೂ 2018ರ ಮೇ 12ರ ಕರ್ನಾಟಕ ವಿಧಾನಸಭಾ ಮತದಾನಕ್ಕೆ ಮುನ್ನ ಸುಮಾರು ಹತ್ತೊಂಬತ್ತು ದಿನ ದರ ಅಲುಗಾಡಲಿಲ್ಲ, ಮೇ 14ರಿಂದ ಮತ್ತೆ ಏರತೊಡಗಿತು. ಉತ್ತರ ಪ್ರದೇಶ, ಪಂಜಾಬ್ ಮುಂತಾದ ರಾಜ್ಯಗಳ ಚುನಾವಣೆಯ ಹೊತ್ತಿನಲ್ಲಿ, 2021ರ ನವೆಂಬರ್ ಆರಂಭದಿಂದ 2022ರ ಮಾರ್ಚ್ 21ರವರೆಗೆ ಕಂಪನಿಗಳು ದರ ಮುಟ್ಟಲಿಲ್ಲ; ಮಾರ್ಚ್ 22ರಿಂದ ಹದಿನಾರು ದಿನಗಳಲ್ಲಿ ಹದಿನಾಲ್ಕು ಬಾರಿ ಏರಿಸಿ ಒಟ್ಟು 10 ರೂಪಾಯಿ ಹೆಚ್ಚಿಸಿದವು. ಬೆಲೆ ನಿರ್ಧಾರ ಕಂಪನಿಗಳದು ಎಂಬ ಉತ್ತರವನ್ನು ಕೇಳಿದಾಗ ಈ ದಿನಾಂಕಗಳನ್ನು ನೆನಪಿಸಿಕೊಳ್ಳಿ. ಮೂರು ಸರ್ಕಾರಿ ತೈಲ ಕಂಪನಿಗಳು 2022ರ ಏಪ್ರಿಲ್‌ನಿಂದ ಜೂನ್‌ವರೆಗಿನ ತ್ರೈಮಾಸಿಕದಲ್ಲಿ ಒಟ್ಟು 18 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ನಷ್ಟ ಅನುಭವಿಸಿದ್ದು ನಿಜ. 2023-24ರಲ್ಲಿ ಅವು ಸುಮಾರು 81 ಸಾವಿರ ಕೋಟಿ ಲಾಭ ಮಾಡಿದ್ದೂ ಅಷ್ಟೇ ನಿಜ. ಆ ವರ್ಷ ಬಹುತೇಕ ಕೊನೆಗೊಳ್ಳುವವರೆಗೆ ಗ್ರಾಹಕರಿಗೆ ಕಂಪನಿಗಳಿಂದ ಇಳಿಕೆ ಸಿಗಲಿಲ್ಲ. ಲೋಕಸಭಾ ಚುನಾವಣೆ ಘೋಷಣೆಗೆ ಸ್ವಲ್ಪ ಮುನ್ನ, 2024ರ ಮಾರ್ಚ್ 15ರಂದು 2 ರೂಪಾಯಿ ಇಳಿಯಿತು. ಬಂಕಿನವರ ಪಾಲು ಈ ಕಥೆಯಲ್ಲಿ ತೀರ ಚಿಕ್ಕದು, ಅವರೊಡನೆ ಜಗಳವಾಡಿ ಪ್ರಯೋಜನವಿಲ್ಲ.

ಸರ್ಕಾರಗಳ ನಡುವಿನ ಹಂಚಿಕೆಯನ್ನು ನೋಡದೆ ರಾಜ್ಯಗಳ ಮೇಲೆ ತೀರ್ಪು ಕೊಡುವುದು ನ್ಯಾಯವಲ್ಲ. ಕೇಂದ್ರದ ತೆರಿಗೆಯಲ್ಲಿ ಶೇ 41ರಷ್ಟು ರಾಜ್ಯಗಳಿಗೆ ಬರುತ್ತದೆಂದು ಹದಿನೈದನೆಯ ಹಣಕಾಸು ಆಯೋಗ ಹೇಳಿತ್ತು, ಆದರೆ ನಿರ್ದಿಷ್ಟ ಉದ್ದೇಶಕ್ಕೆಂದು ವಿಧಿಸುವ ಸೆಸ್ ಮತ್ತು ಹೆಚ್ಚುವರಿ ತೆರಿಗೆಯಾದ ಸರ್‌ಚಾರ್ಜ್‌ಗಳು ಆ ಹಂಚಿಕೆಯ ನಿಧಿಗೆ ಸೇರುವುದಿಲ್ಲ. 2021ರ ಬಜೆಟ್ಟಿನ ನಂತರ ಪೆಟ್ರೋಲ್ ಮೇಲಿದ್ದ 32.90 ರೂಪಾಯಿ ಸುಂಕದಲ್ಲಿ ಹಂಚಿಕೆಗೆ ಒಳಪಡುವ ಮೂಲ ಸುಂಕ 1.40 ರೂಪಾಯಿ ಮಾತ್ರ; ಉಳಿದದ್ದು ರಸ್ತೆ ಸೆಸ್, ಕೃಷಿ ಸೆಸ್, ವಿಶೇಷ ಹೆಚ್ಚುವರಿ ಸುಂಕ ಎಂಬ ಹೆಸರಿನಲ್ಲಿ ಕೇಂದ್ರದಲ್ಲೇ ಉಳಿಯುತ್ತಿತ್ತು. ಜಿಎಸ್‌ಟಿ ಬಂದ ಮೇಲೆ ರಾಜ್ಯದ ಕೈಯಲ್ಲಿ ಸ್ವಂತವಾಗಿ ಏರಿಸಬಹುದಾದ ದೊಡ್ಡ ಬಾಬ್ತುಗಳು ಇಂಧನ, ಮದ್ಯ, ನೋಂದಣಿ, ವಾಹನ ತೆರಿಗೆ ಇಷ್ಟೇ. ಇದು ರಾಜ್ಯದ ಇಕ್ಕಟ್ಟನ್ನು ವಿವರಿಸುತ್ತದೆ, ಅದರ ಹೊಣೆಯನ್ನು ಅಳಿಸುವುದಿಲ್ಲ. ಶೇಕಡಾವಾರು ತೆರಿಗೆಯಾದ್ದರಿಂದ ಮೂಲ ಬೆಲೆ 10 ರೂಪಾಯಿ ಏರಿದರೆ ಯಾವ ಆದೇಶವನ್ನೂ ಹೊರಡಿಸದೆ ಕರ್ನಾಟಕಕ್ಕೆ ಹತ್ತಿರಹತ್ತಿರ 3 ರೂಪಾಯಿ ಹೆಚ್ಚು ಬರುತ್ತದೆ. ಈ ಮೌನ ಲಾಭವನ್ನು ಬಿಟ್ಟುಕೊಡುವ ಅವಕಾಶ ರಾಜ್ಯಕ್ಕೆ ಯಾವಾಗಲೂ ಇದೆ.

ಇನ್ನು ಎರಡು ಹಳೆಯ ವಾದಗಳು. ಹಿಂದಿನ ಯುಪಿಎ ಸರ್ಕಾರ ತೈಲ ಕಂಪನಿಗಳಿಗೆ ನಗದಿನ ಬದಲು ಸಾಲಪತ್ರಗಳಾಗಿ ಹೊರಡಿಸಿದ ತೈಲ ಬಾಂಡ್‌ಗಳ ಸಾಲದಿಂದ ಸುಂಕ ಇಳಿಸಲಾಗುತ್ತಿಲ್ಲ ಎಂದು 2021ರಲ್ಲಿ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಹೇಳಿದ್ದರು. ಸಾಲ ಇದ್ದದ್ದು ಹೌದು, ಸುಮಾರು 1.3 ಲಕ್ಷ ಕೋಟಿ ರೂಪಾಯಿ. ಅದರ ಬಡ್ಡಿ ವರ್ಷಕ್ಕೆ 10 ಸಾವಿರ ಕೋಟಿಯ ಆಸುಪಾಸು. ಆದರೆ 2020-21ರ ಒಂದೇ ವರ್ಷದಲ್ಲಿ ಪೆಟ್ರೋಲ್ ಮತ್ತು ಡೀಸೆಲ್ ಸುಂಕದಿಂದ ಕೇಂದ್ರಕ್ಕೆ ಬಂದದ್ದು 3.3 ಲಕ್ಷ ಕೋಟಿಗೂ ಹೆಚ್ಚು. ಎರಡೂ ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟರೆ ಆ ವಾದದ ತೂಕ ತಿಳಿಯುತ್ತದೆ. ಇನ್ನೊಂದು, ಜಿಎಸ್‌ಟಿಗೆ ಸೇರಿಸಲು ರಾಜ್ಯಗಳು ಒಪ್ಪುತ್ತಿಲ್ಲ ಎಂಬುದು. ಸಂವಿಧಾನದ 279ಎ ವಿಧಿಯಂತೆ ಪೆಟ್ರೋಲನ್ನು ಯಾವಾಗ ಸೇರಿಸಬೇಕೆಂದು ಶಿಫಾರಸು ಮಾಡಬೇಕಾದದ್ದು ಕೇಂದ್ರ ಮತ್ತು ರಾಜ್ಯಗಳೆರಡೂ ಕುಳಿತಿರುವ ಜಿಎಸ್‌ಟಿ ಮಂಡಳಿ. 2021ರ ಸೆಪ್ಟೆಂಬರ್ 17ರಂದು ಲಖನೌದಲ್ಲಿ ಸೇರಿದ ಆ ಮಂಡಳಿ ಇದಿನ್ನೂ ಸಮಯವಲ್ಲ ಎಂದಿತು. ಅಲ್ಲಿ ಹಿಂದೆ ಸರಿದದ್ದು ಒಂದು ಕಡೆಯವರಷ್ಟೇ ಅಲ್ಲ.

ಲೆಕ್ಕ ಮುಗಿದ ಮೇಲೆ ಪ್ರಶ್ನೆಯನ್ನು ಸರಿಯಾದ ಬಾಗಿಲಿಗೆ ಒಯ್ಯಿರಿ. ಮಾರಾಟ ತೆರಿಗೆಯ ಬಗ್ಗೆ ನಿಮ್ಮ ಶಾಸಕರಿಗೆ, ಅಬಕಾರಿ ಸುಂಕ ಮತ್ತು ಸೆಸ್‌ಗಳ ಬಗ್ಗೆ ಸಂಸದರಿಗೆ, ದರ ಪರಿಷ್ಕರಣೆ ನಿಂತುಹೋದದ್ದರ ಬಗ್ಗೆ ಪೆಟ್ರೋಲಿಯಂ ಸಚಿವಾಲಯಕ್ಕೆ ಬರೆಯಿರಿ. ಪತ್ರದಲ್ಲಿ ಎರಡು ದಿನಾಂಕ, ಊರಿನ ಹೆಸರು, ಪಾಲುಗಳ ವ್ಯತ್ಯಾಸ ಇರಲಿ. ವಾಹನವಿಲ್ಲದವರೂ ಡೀಸೆಲಿನ ಲೆಕ್ಕವನ್ನು ಬಿಡಬಾರದು, ಏಕೆಂದರೆ ಕೋಲಾರದ ಟೊಮೆಟೊ ಮತ್ತು ರಾಯಚೂರಿನ ಅಕ್ಕಿ ಮಾರುಕಟ್ಟೆಗೆ ಬರುವುದು ಅದರಿಂದಲೇ. 2025ರ ಏಪ್ರಿಲ್ 1ರಂದು ಕರ್ನಾಟಕ ಡೀಸೆಲ್ ತೆರಿಗೆಯನ್ನು ಶೇ 18.44ರಿಂದ ಶೇ 21.17ಕ್ಕೆ ಏರಿಸಿತು, ಒಂದು ವಾರದ ನಂತರ ಕೇಂದ್ರದ ಸುಂಕ 17.80 ಆಯಿತು. ಆಗ ಬೆಂಗಳೂರಿನಲ್ಲಿ ಬೆಲೆ 91 ರೂಪಾಯಿಯ ಆಸುಪಾಸು. ಅದನ್ನು 1.2117ರಿಂದ ಭಾಗಿಸಿ, 17.80 ಕಳೆಯಿರಿ: ರಾಜ್ಯಕ್ಕೆ ಸುಮಾರು 16, ಕೇಂದ್ರಕ್ಕೆ ಸುಮಾರು 18, ಉಳಿದ 57 ರೂಪಾಯಿ ತೈಲ, ಸಾಗಣೆ ಮತ್ತು ಕಮಿಷನ್. ಮುಂದಿನ ಬಾರಿ ದರ ಬದಲಾದಾಗ ಹೊಸ ತೆರಿಗೆ ದರ ಮತ್ತು ಹೊಸ ಸುಂಕವನ್ನು ಹಾಕಿ, ಇದೇ ಸಾಲಿನ ಕೆಳಗೆ ಇನ್ನೊಂದು ಸಾಲು ಬರೆಯಿರಿ.