ಸ್ಟೋಕ್ ಕಾಂಗ್ರಿಯಿಂದ ಜೇಬಲ್ಲಿ ಬಂದ ಕಲ್ಲು

2018ರ ಜುಲೈನಲ್ಲಿ ಲಡಾಖ್‌ನ ಸ್ಟೋಕ್ ಕಾಂಗ್ರಿ (6,153 ಮೀಟರ್) ಹತ್ತಿ ಇಳಿಯುವಾಗ ನನ್ನ ಜೇಬಲ್ಲಿ ಮೂರು ಕಲ್ಲುಗಳಿದ್ದವು. ಬಂಡೆ ಒಡೆದು ತೆಗೆದದ್ದಲ್ಲ, ದಾರಿಯಲ್ಲಿ ಉದುರಿ ಬಿದ್ದವು. ಒಂದೊಂದೂ ಬೆಂಕಿಪೊಟ್ಟಣದಷ್ಟು. ಆ ಸುಸ್ತಿನಲ್ಲಿ ಅದಕ್ಕಿಂತ ಜಾಸ್ತಿ ಯಾರು ಹೊರುತ್ತಾರೆ? ಎತ್ತಿದ ಕೂಡಲೇ ಮಾರ್ಕರ್‌ನಲ್ಲಿ ನಂಬರ್ ಹಾಕಿ, ಜಾಗ ಮತ್ತು ಎತ್ತರ ಬರೆದುಕೊಂಡೆ. ಆಮೇಲೆ ಬರೆಯೋಣ ಅಂದರೆ ಕೆಟ್ಟಿತು, ಮನೆಗೆ ಬಂದ ಮೇಲೆ ಎಲ್ಲ ಕಲ್ಲೂ ಒಂದೇ. ನಾಲ್ಕನೆಯದು ಲಡಾಖ್ ಶ್ರೇಣಿ ದಾಟುವ ಖರ್ದುಂಗ್ ಲಾ ಘಾಟಿಯ ರಸ್ತೆ ಬದಿಯದು. ಬಿಳಿ ಮೈ, ಕರಿ ಚುಕ್ಕೆ, ಗ್ರಾನೈಟ್ ಜಾತಿ.

ಇವನ್ನು ಮೈಕ್ರೋಸ್ಕೋಪ್‌ನಲ್ಲಿ ನೋಡುವ ಆಸೆ. ಅದಕ್ಕೆ ಕಲ್ಲಿನೊಳಗೆ ಬೆಳಕು ಹಾಯಬೇಕು, ಹಾಯಬೇಕಾದರೆ ಅದರ ದಪ್ಪ 0.03 ಮಿಲಿಮೀಟರ್‌ಗೆ ಇಳಿಸಬೇಕು. ಮೊದಲು ಸಾದರಹಳ್ಳಿ ಗ್ರಾನೈಟ್ ಚೂರುಗಳ ಮೇಲೆ ಕೈ ಪಳಗಿಸಿಕೊಂಡೆ. ಟೈಲ್ ಕಟರ್‌ನಲ್ಲಿ ಬಿಲ್ಲೆ ಕೊಯ್ದು, ಒಂದು ಮೈ ನಯ ಮಾಡಿ, ಎಪಾಕ್ಸಿ ಅಂಟಿನಿಂದ ಗಾಜಿನ ಸ್ಲೈಡ್‌ಗೆ ಕೂರಿಸಬೇಕು. ಆಮೇಲೆ ಸಿಲಿಕಾನ್ ಕಾರ್ಬೈಡ್ ಪುಡಿ, ನೀರು, ಉಜ್ಜುವುದು. 220 ನಂಬರಿನ ಒರಟು ಪುಡಿಯಿಂದ ಶುರು, 1000ದ ನಯ ಪುಡಿಯಲ್ಲಿ ಕೊನೆ. ದಪ್ಪ ಅಳೆಯೋಕೆ ಉಪಕರಣ ಬೇಡ, ಕಲ್ಲಿನಲ್ಲೇ ಇರುವ ಕ್ವಾರ್ಟ್ಜ್ ಖನಿಜ ಸಾಕು. ಅಡ್ಡಡ್ಡ ಇಟ್ಟ ಎರಡು ಪೋಲರೈಸಿಂಗ್ ಹಾಳೆಗಳ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವಂಥವು) ನಡುವೆ ಅದು ಹಳದಿ ಕಂಡರೆ ಇನ್ನೂ ಉಜ್ಜಿ, ಬೂದು ಕಂಡರೆ ಕೈ ತೆಗೆಯಿರಿ.

ಸ್ಟೋಕ್‌ನ ಮೊದಲ ಕಲ್ಲನ್ನು ಹಾಳು ಮಾಡಿದೆ. ಅದು ಮರಳುಗಲ್ಲು. ತೆಳುವಾಗುತ್ತಿದ್ದಂತೆ ಕಾಳುಗಳು ಕಿತ್ತು ನೀರಿನ ಜೊತೆ ಹೋದವು, ಸ್ಲೈಡ್ ಮೇಲೆ ಉಳಿದದ್ದು ಬರೀ ತೂತು. ಎರಡನೆಯದನ್ನು ಕೊಯ್ಯುವ ಮುಂಚೆಯೇ ತೆಳು ಎಪಾಕ್ಸಿ ಕುಡಿಸಿ ಎರಡು ದಿನ ಬಿಟ್ಟೆ. ನಿಂತಿತು.

ನನ್ನದು ಕಾಲೇಜು ಹುಡುಗರ ಸಾದಾ ಮೈಕ್ರೋಸ್ಕೋಪ್. ಹಾಳೆ ಒಂದು ದೀಪದ ಮೇಲೆ, ಒಂದು ಸ್ಲೈಡ್ ಮೇಲೆ. ಸ್ಲೈಡನ್ನು ಬೆರಳಲ್ಲೇ ತಿರುಗಿಸುತ್ತೇನೆ. ಖರ್ದುಂಗ್ ಲಾ ಕಲ್ಲಿನಲ್ಲಿ ಪ್ಲೇಜಿಯೋಕ್ಲೇಸ್ ಎಂಬ ಖನಿಜದ ಹರಳುಗಳು ಕಪ್ಪು-ಬಿಳಿ ಪಟ್ಟೆ ತೋರಿಸಿದವು, ಥೇಟ್ ಜೀಬ್ರಾ. ನಡುವೆ ಇನ್ನೆರಡು ಖನಿಜ, ಹಸಿರು ಹಾರ್ನ್‌ಬ್ಲೆಂಡ್, ಕಂದು ಬಯೊಟೈಟ್. ಸ್ಲೈಡ್ ಬದಲಿಸಿ ಸ್ಟೋಕ್‌ನ ಮರಳುಗಲ್ಲು ಇಟ್ಟೆ. ಅಲ್ಲೂ ಅದೇ ಪಟ್ಟೆ! ಕಾಳುಗಳ ಮೂಲೆ ಕೂಡ ಸವೆದಿರಲಿಲ್ಲ, ಅಂದರೆ ಬಹಳ ದೂರ ಉರುಳಿ ಬಂದವಲ್ಲ.

ಪುಸ್ತಕದಲ್ಲಿ ಓದಿದ್ದೆ: ಸಿಂಧೂ ನದಿಯ ಉತ್ತರಕ್ಕಿರುವ ಲಡಾಖ್ ಶ್ರೇಣಿಯ ಗ್ರಾನೈಟ್ ಹೆಚ್ಚಾಗಿ 5-6 ಕೋಟಿ ವರ್ಷ ಹಳೆಯದು. ಅದು ಸವೆದು, ಮರಳಾಗಿ, ತಗ್ಗಿನಲ್ಲಿ ಕೂತು, ಮತ್ತೆ ಮೇಲೆದ್ದು ಸ್ಟೋಕ್ ಸಾಲಿನ ಬೆಟ್ಟಗಳಾಯಿತು. ಓದಿದಾಗ ಸುಮ್ನೆ ತಲೆ ಆಡಿಸಿದ್ದೆ. ನಾನು ಏದುಸಿರು ಬಿಡುತ್ತಾ ಹತ್ತಿದ್ದು ಹೊಳೆ ಮರಳಿನ ಗುಡ್ಡ ಅಂತ ಅರ್ಥವಾಗಿದ್ದು ಆ ರಾತ್ರಿ. ಎರಡು ಸ್ಲೈಡ್ ಹೋಲುವುದನ್ನೇ ಸಾಕ್ಷಿ ಅನ್ನಲಾಗದು, ನಿಜ. ಆದರೂ ನಿದ್ದೆ ಬರಲಿಲ್ಲ.

ಮೂರನೆಯ ಕಲ್ಲನ್ನು ಇನ್ನೂ ಮುಟ್ಟಿಲ್ಲ. ಅದರಲ್ಲಿ ಕಡಲೆಬೀಜದಷ್ಟು ಕೆಂಪು ಹರಳುಗಲ್ಲೊಂದು ಹುದುಗಿದೆ. ಬ್ಲೇಡ್ ಎಲ್ಲಿ ಇಡಬೇಕು ಅಂತ ತೀರ್ಮಾನವಾಗುತ್ತಿಲ್ಲ. 2020ರಲ್ಲಿ ಶಿಖರವನ್ನು ಹತ್ತುವವರಿಗೆ ಮುಚ್ಚಿದರು, ಈ ಕಲ್ಲೂ ಕೆಟ್ಟರೆ ಇನ್ನೊಂದು ಎಲ್ಲಿಂದ ತರಲಿ?